ತರಬೇತಿಗೆ ಬಿಟ್ಟುಕೊಟ್ಟ ಕೋಣೆ

ಶಿಕ್ಷಕರ ತರಬೇತಿಗೆ ಯಾರ ಶಾಲೆಯಲ್ಲಿ ಜಾಗವಿದೆ ಎಂದು ಸಭೆಯಲ್ಲಿ ಕೇಳಿದಾಗ ಮುಖ್ಯ ಶಿಕ್ಷಕಿ ಲಕ್ಷ್ಮೀದೇವಮ್ಮ ತಾವಾಗಿಯೇ ಕೈ ಎತ್ತಿದ್ದರು. ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿದ್ದ ಅವರ ಸರ್ಕಾರಿ ಶಾಲೆಯಲ್ಲಿ ಮಕ್ಕಳು ತೀರಾ ಕಡಿಮೆಯಾಗಿದ್ದರು. ಬರುವ ವರ್ಷ ಅದನ್ನು ಮುಚ್ಚಿ, ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುತ್ತಾರೆಂಬ ಮಾತಿತ್ತು. ಮೇಲಿನವರು ಒಂದು ಸಲ ಬಂದು ಕೂತು ನೋಡಿದರೆ ಮನಸ್ಸು ಬದಲಾಯಿಸಿಯಾರು ಎಂಬುದು ಅವರ ಆಸೆ.

ಆರನೇ ತರಗತಿಯ ಕೋಣೆಯೇ ದೊಡ್ಡದು. ಅದನ್ನು ತರಬೇತಿಗೆ ಬಿಟ್ಟುಕೊಟ್ಟು, ಅಲ್ಲಿದ್ದ ನಾಲ್ಕು ಮಕ್ಕಳನ್ನು ಬಿಸಿಯೂಟದ ಅಡುಗೆಮನೆಯ ಜಗಲಿಯಲ್ಲಿ ಕೂರಿಸಿದರು. ಹಾಗೆ ಕೂರಿಸಿದ್ದು ಸರಿಯೋ ತಪ್ಪೋ ಎಂದು ಮತ್ತೆ ಮತ್ತೆ ಅನ್ನಿಸುತ್ತಿತ್ತು.

ಕೊನೆಯ ದಿನ ಮಾದರಿ ಪಾಠ. ಒಬ್ಬರು ಪಾಠ ಮಾಡಬೇಕು, ಉಳಿದ ಶಿಕ್ಷಕರೆಲ್ಲ ಮಕ್ಕಳಾಗಬೇಕು. ಉಸ್ತುವಾರಿ ಅಧಿಕಾರಿ ವರದರಾಜ ಇವರನ್ನೇ ಕರೆದರು. ಲಕ್ಷ್ಮೀದೇವಮ್ಮ ಕಾಗದದ ಹೋಳಿಗೆಗಳನ್ನು ಕತ್ತರಿಸಿ ಭಿನ್ನರಾಶಿ ಶುರುಮಾಡಿದರು.

"ಮಿಸ್, ಇವ್ನು ನನ್ ಹೋಳಿಗೆ ಕಿತ್ಕೊಂಡ!" ಬಿನ್ನಿಪೇಟೆಯ ಶಾಲೆಯಿಂದ ಬಂದಿದ್ದ, ನಿವೃತ್ತಿ ಹತ್ತಿರವಿದ್ದ ಓಬಳಪ್ಪ ಎದ್ದು ನಿಂತರು.

"ಅರ್ಧ ಕೊಡೋ ಅವ್ನಿಗೆ."

"ಅರ್ಧ ಬೇಡ ಮಿಸ್, ನಂಗೆ ಶುಗರ್ರು. ಕಾಲುಭಾಗ ಸಾಕು!"

ಕೋಣೆಯೆಲ್ಲ ನಕ್ಕಿತು. ಬೆಂಚುಗಳು ತುಂಬಿದ್ದವು. ಹಿಂದಿನ ಸಾಲಿಗೂ ಕೇಳಲೆಂದು ಲಕ್ಷ್ಮೀದೇವಮ್ಮ ದನಿ ಎತ್ತರಿಸಿದರು. ಈ ಕೋಣೆಯಲ್ಲಿ ಹಾಗೆ ದನಿ ಎತ್ತುವ ಅಗತ್ಯ ಬಿದ್ದು ವರ್ಷಗಳಾಗಿದ್ದವು.

ಪಾಠ ಮುಗಿದ ಮೇಲೆ ವರದರಾಜ ಹತ್ತಿರ ಬಂದರು. "ತುಂಬಾ ಚೆನ್ನಾಗಿತ್ತು ಮೇಡಂ. ಎಂಥ ಗಾಳಿ, ಬೆಳಕು! ಇನ್ಮೇಲೆ ನಮ್ ತರಬೇತಿಯೆಲ್ಲಾ ಇಲ್ಲೇ ಇಟ್ಕೊಳೋಣ. ಆಫೀಸಿಗೂ ಹೇಳ್ಬಿಟ್ಟೆ, ಒಪ್ಕೊಂಡ್ರು."

"ಹಾಗಾದ್ರೆ ಶಾಲೆ ಉಳಿಯತ್ತಾ ಸರ್?"

"ಕಟ್ಟಡ ಉಳಿಯತ್ತೆ. ಪೂರ್ತಿ ತರಬೇತಿ ಕೇಂದ್ರ ಮಾಡ್ತಾರೆ. ಮಕ್ಕಳನ್ನ ಜೂನ್‌ನಿಂದ ಬೇರೆ ಕಡೆ ಕಳಿಸೋದೇ ಅಲ್ವಾ? ಜಾಗ ಹಾಳುಬೀಳತ್ತೇನೋ ಅಂತಿದ್ರು. ನೀವು ತೋರಿಸ್ಕೊಟ್ಟಿದ್ದು ಒಳ್ಳೇದಾಯ್ತು."

ಲಕ್ಷ್ಮೀದೇವಮ್ಮ ಏನೋ ಹೇಳಲು ಹೋದರು. ಅಷ್ಟರಲ್ಲಿ ಯಾರೋ ಗುಂಪಿನ ಫೋಟೋಗೆ ಕರೆದರು, ಇವರು ಹೋಗಿ ನಿಂತರು.

ಎಲ್ಲರೂ ಹೋದ ಮೇಲೆ ಜಗಲಿಯಿಂದ ತೇಜಶ್ರೀ ಬ್ಯಾಗು ಹೊತ್ತು ಒಳಗೆ ಬಂದು ತನ್ನ ಬೆಂಚಿನಲ್ಲಿ ಕೂತಳು. ಆರನೇ ತರಗತಿಯಲ್ಲಿ ಒಂದು ದಿನವೂ ತಪ್ಪಿಸದ ಹುಡುಗಿ.

"ಮಿಸ್, ಅವರೆಲ್ಲ ಟೀಚರ್ಸ್ ಅಲ್ವಾ? ಅವರಿಗೆ ಭಿನ್ನರಾಶಿ ಬರಲ್ವಾ?"

"ಬರತ್ತೆ ಪುಟ್ಟಿ."

"ಮತ್ತೆ ನಮಗ್ಯಾಕೆ ಮಾಡ್ಲಿಲ್ಲ?"

ಲಕ್ಷ್ಮೀದೇವಮ್ಮ ಬೆಂಚಿನ ಮೇಲಿದ್ದ ಕಾಗದದ ಹೋಳಿಗೆಗಳನ್ನು ಆರಿಸತೊಡಗಿದರು. ಏಪ್ರಿಲ್ ಹತ್ತಿರ ಬರುತ್ತಿತ್ತು. ಇಲಾಖೆ ಮಕ್ಕಳನ್ನು ಎಲ್ಲಿಗೆ ಕಳಿಸುತ್ತದೋ, ಎಷ್ಟು ದೂರವೋ. ಈಗಲೇ ತಿಳಿಸಿದರೆ ಮನೆಯವರು ಹತ್ತಿರದಲ್ಲೊಂದು ಶಾಲೆ ಹುಡುಕಿಕೊಂಡಾರು. ತಿಳಿಸಿದರೆ ಇವಳೇ ಮೊದಲು ಹೋಗುತ್ತಾಳೆ. ತಿಳಿಸದೆ ಇರುವುದಾದರೂ ಹೇಗೆ?

"ತೇಜು, ನಾಳೆ ನಿಮ್ಮಮ್ಮನ್ನ ಕರ್ಕೊಂಡ್ ಬಾ. ಮಾತಾಡ್ಬೇಕು."

ಹುಡುಗಿಯ ಮುಖ ಸಣ್ಣದಾಯಿತು. ಆ ಶಾಲೆಯಲ್ಲಿ ಅಮ್ಮನನ್ನು ಕರೆಸುತ್ತಿದ್ದುದು ತಪ್ಪು ಮಾಡಿದವರಿಗೆ ಮಾತ್ರ.

"ನಾನೇನ್ ಮಾಡ್ದೆ ಮಿಸ್? ಜಗಲೀಲಿ ಗಲಾಟೆ ಮಾಡ್ಲೇ ಇಲ್ಲ. ಆ ಮೂವರನ್ನೂ ನಾನೇ ಸುಮ್ನಿರಿಸಿದ್ದು."

"ನೀನೇನೂ ಮಾಡಿಲ್ಲಮ್ಮ" ಎಂದು ಲಕ್ಷ್ಮೀದೇವಮ್ಮ ಎರಡು ಸಲ ಹೇಳಿದರು. ಅವಳು ನಂಬಲಿಲ್ಲ.