ನೀರು ಬಿಟ್ಟು ಕೆತ್ತಿದ ಹೆಸರು

ಸಮಾಧಿ ಕಲ್ಲು ಕೆತ್ತುವ ಮೇಸ್ತ್ರಿಗೆ ಸಾವೆಂದರೆ ಹೆದರಿಕೆ ಇರಲಿಲ್ಲ; ತಡವೆಂದರೆ ಇತ್ತು. ಸ್ಮಶಾನದ ಹಿಂದಿನ ಓಣಿಯಲ್ಲಿ ಒಂದು ತಗಡಿನ ಶೆಡ್ಡು, ಅದರೊಳಗೆ ಅವನು, ಅವನ ತಮ್ಮ, ಎರಡು ಕೊರೆಯುವ ಯಂತ್ರ. ಮುಖ್ಯ ರಸ್ತೆಯಲ್ಲಿ ಗಾಜಿನ ಮುಂಭಾಗದ ಅಂಗಡಿಯೊಂದು ಖಾಲಿ ಬಿದ್ದಿತ್ತು. ಅಲ್ಲಿ ಕಪ್ಪು ಕಲ್ಲುಗಳನ್ನು ಥಳಥಳ ಹೊಳೆಯುವಂತೆ ನಿಲ್ಲಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂರಬೇಕೆಂಬುದು ಮೇಸ್ತ್ರಿಯ ಕನಸು. ಆ ಕನಸು ತಲೆ ಹೊಕ್ಕ ಮೇಲೆ ಬೇರೆ ಯಾವುದಕ್ಕೂ ಅಲ್ಲಿ ಜಾಗ ಉಳಿಯಲಿಲ್ಲ.

ತಮ್ಮನೋ, ಬೇರೆಯೇ ಅಚ್ಚಿನ ಮನುಷ್ಯ. ಕಲ್ಲಿನ ಮೇಲೆ ಹೆಸರು ಬರೆದುಕೊಂಡ ಮೇಲೆ, ಯಂತ್ರ ಮುಟ್ಟುವ ಮುಂಚೆ, ಅದನ್ನು ಬಾಯಿಬಿಟ್ಟು ಓದಿ, ಕಣ್ಣು ಮುಚ್ಚಿ, ಹೋದವರ ಮನೆಯವರಿಗಾಗಿ ಯೇಸುವಿನ ಹತ್ತಿರ ಎರಡು ಮಾತು ಆಡುತ್ತಿದ್ದ. ಆಮೇಲೆ ನಲ್ಲಿ ತಿರುಗಿಸಿ, ರಬ್ಬರ್ ಪೈಪಿನಿಂದ ಕಲ್ಲಿನ ಮೇಲೆ ನೀರು ಬಿಟ್ಟುಕೊಂಡು ಕೆತ್ತುತ್ತಿದ್ದ. ನೀರು ಬಿಟ್ಟರೆ ಧೂಳು ಏಳುವುದಿಲ್ಲ. ಆದರೆ ಕೆಸರು ಕಟ್ಟುತ್ತದೆ, ಗೆರೆ ಕಾಣುವುದಿಲ್ಲ, ಒರೆಸಿ ಒರೆಸಿ ಕೆತ್ತಬೇಕು. ಹಾಗೆ ಒಂದು ಕಲ್ಲಿಗೆ ಎರಡು ದಿನ. ಒಣಕಲ್ಲು ಕೆತ್ತಿದರೆ ಅರ್ಧ ದಿನ.

'ಸ್ವರ್ಗದ ಗುಮಾಸ್ತ' ಎಂದು ಮೇಸ್ತ್ರಿ ಅವನನ್ನು ಗೇಲಿ ಮಾಡುತ್ತಿದ್ದ. ಒಂದು ದಿನ ಗೇಲಿ ಬಿಟ್ಟು ಅಪ್ಪಣೆಯನ್ನೇ ಕೊಟ್ಟ: ಪ್ರಾರ್ಥನೆ ಮನೆಯಲ್ಲಿರಲಿ, ನೀರು ಕುಡಿಯುವುದಕ್ಕಿರಲಿ. ತಾನೇ ಪೈಪಿನ ನಲ್ಲಿಯನ್ನು ಬಿಗಿಯಾಗಿ ಮುಚ್ಚಿದ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರಾಯಿತು ಎಂದ. ಆ ಬಟ್ಟೆ ಗಂಟೆಯೊಳಗೆ ಒಣಗಿ ಹಪ್ಪಳವಾಗುತ್ತಿತ್ತು, ಅದು ಬೇರೆ ಮಾತು.

ಚಿಕ್ಕಂದಿನಿಂದ ಸಾಕಿದ ಅಣ್ಣನಿಗೆ ತಮ್ಮ ಎಂದೂ ಎದುರಾಡಿದವನಲ್ಲ. ಒಂದೇ ಒಂದು ಸಲ ಕೇಳಿದ.

"ಅಣ್ಣ, ನಾವು ಕೆತ್ತಿದ ಹೆಸರಲ್ಲಿ ಒಬ್ಬರಾದ್ರೂ ಏನಾದ್ರೂ ಹೊತ್ಕೊಂಡು ಹೋದ್ರಾ? ನಲ್ಲಿ ಬಿಡು."

"ಅಂಗಡಿ ಆಗ್ಲಿ, ಬಿಡೋಣ."

ಅಂಗಡಿ ಆಯಿತು. ಗಾಜು, ದೀಪ, ಕುರ್ಚಿ, ಇಸ್ತ್ರಿ ಅಂಗಿ, ಎಲ್ಲ ಆಯಿತು. ಅಂಗಡಿ ತುಂಬಿಸುವುದಕ್ಕೆ ಇನ್ನಷ್ಟು ಕಲ್ಲು ಬೇಕಾಯಿತು. ಹಗಲು ಶೆಡ್ಡಿನಲ್ಲಿ ಇಬ್ಬರೂ ಒಣಕಲ್ಲು ಕೆತ್ತಿ, ಸಂಜೆ ಮೇಸ್ತ್ರಿ ಅಂಗಡಿಯ ಕುರ್ಚಿಯಲ್ಲಿ ಕೂರುತ್ತಿದ್ದ. ನಲ್ಲಿಯ ವಿಷಯ ಮೇಸ್ತ್ರಿ ಎತ್ತಲಿಲ್ಲ, ತಮ್ಮನೂ ಎತ್ತಲಿಲ್ಲ. ತಮ್ಮನಿಗೆ ಒಣ ಕೆಮ್ಮು ಹತ್ತಿತು. ನಲ್ಲಿ ಮುಚ್ಚಿದ ಐದನೇ ವರ್ಷ ಅವನಿಗೆ ಮೆಟ್ಟಿಲು ಹತ್ತಲು ಉಸಿರು ಸಾಲದಾಯಿತು. ಶ್ವಾಸಕೋಶದ ತುಂಬ ಕಲ್ಲಿನ ಪುಡಿ ಇದೆ, ಅದನ್ನು ತೊಳೆದು ತೆಗೆಯುವ ಔಷಧಿ ಇಲ್ಲ ಎಂದರು ಡಾಕ್ಟರು.

ಹಾಸಿಗೆ ಹಿಡಿದ ತಮ್ಮ ಕೇಳಿದ್ದು ಇಷ್ಟೇ: ಚಿಕ್ಕಂದಿನಲ್ಲಿ, ಸಾಯುತ್ತಿದ್ದ ಅಮ್ಮನ ಹಾಸಿಗೆಯ ಪಕ್ಕ ಇಬ್ಬರೂ ಮೊಣಕಾಲೂರಿ ಪ್ರಾರ್ಥಿಸಿದ ಹಾಗೆ ಅಣ್ಣ ಒಂದು ಸಲ ಬಂದು ಪಕ್ಕದಲ್ಲಿ ಕೂರಲಿ. ಮೇಸ್ತ್ರಿ ಹಣ್ಣು ಕಳಿಸಿದ, ಒಳ್ಳೆಯ ದಿಂಬು ಕಳಿಸಿದ. ತಾನು ನಾಳೆ ಬರುತ್ತೇನೆಂದ. ನಿಜ ಹೇಳಬೇಕೆಂದರೆ ಅವನಿಗೆ ಕೆಲಸಕ್ಕಿಂತ ಆ ಕೆಮ್ಮು ಕೇಳುವ ಹೆದರಿಕೆಯೇ ದೊಡ್ಡದಾಗಿತ್ತು. ಅಂಗಡಿಗೆ ಹೊಸ ಬೋರ್ಡು ಏರಿಸುತ್ತಿದ್ದ ಹೊತ್ತಿಗೆ ಸುದ್ದಿ ಬಂತು. ಪಾಪಿ, ಏಣಿಯಿಂದ ಇಳಿಯುವ ಮುಂಚೆ ಬೋರ್ಡು ನೆಟ್ಟಗಿದೆಯೇ ಎಂದು ನೋಡಿದ.

ಮಣ್ಣು ಮುಗಿದ ವಾರಕ್ಕೆ ತಮ್ಮನ ಹೆಂಡತಿಯನ್ನು ಅಂಗಡಿಗೆ ಕರೆಸಿದ. ಇದ್ದುದರಲ್ಲೇ ಶ್ರೇಷ್ಠವಾದ ಕಲ್ಲು ತೋರಿಸಿದ. ಮೇಲೆ ದೇವದೂತ, ಕೆಳಗೆ ಬಂಗಾರದ ಅಕ್ಷರ ಎಂದ. ಅವಳು ಕಲ್ಲನ್ನು ಮುಟ್ಟಲೂ ಇಲ್ಲ.

"ಇದು ಬೇಡ ಭಾವ. ಶೆಡ್ಡಲ್ಲಿ ಒಂದು ಚೂರು ಉಳಿದಿರತ್ತೆ, ಅದೇ ಸಾಕು ಅಂದಿದ್ರು. ಬರೀ ಹೆಸರು. ಅಣ್ಣನೇ ಕೆತ್ತಲಿ, ಆದ್ರೆ ನೀರು ಬಿಟ್ಕೊಂಡು ಕೆತ್ತಲಿ ಅಂದ್ರು."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದ. ಸಾಯುತ್ತಾ ಮಲಗಿದ್ದವನು ಅಣ್ಣನ ಎದೆಯ ಚಿಂತೆ ಮಾಡಿದ್ದ.

ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಮೊಣಕೈಯುದ್ದದ ಕಲ್ಲೊಂದನ್ನು ಆರಿಸಿ, ಹೆಸರು ಬರೆದು, ನಲ್ಲಿಗೆ ಕೈ ಹಾಕಿದ. ತಿರುಗಲಿಲ್ಲ. ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಪಾನಾ ಹಾಕಿ ಎಳೆದ. ಹಿಡಿ ಮುರಿದು ಕೈಗೇ ಬಂತು. ಓಣಿಯ ತುದಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ತಂದ. ಮಧ್ಯೆ ಎರಡು ಸಲ ನಿಂತು ಉಸಿರೆಳೆದುಕೊಂಡ.

ಕಲ್ಲಿನ ಮುಂದೆ ಕೂತು ತಮ್ಮನ ಹೆಸರನ್ನು ಬಾಯಿಬಿಟ್ಟು ಓದಿದ. ಕಣ್ಣು ಮುಚ್ಚಿ "ದೇವರೇ" ಎಂದ. ಮುಂದಿನ ಮಾತು ಬರಲಿಲ್ಲ, ಕೆಮ್ಮು ಬಂತು. ಅದು ನಿಲ್ಲಲೇ ಇಲ್ಲ. ಒಣಗಿದ, ಅರೆಯುವ ಆ ಸದ್ದನ್ನು ಅವನು ಇದೇ ಶೆಡ್ಡಿನಲ್ಲಿ ತಮ್ಮನ ಪಕ್ಕದ ಯಂತ್ರದ ಮುಂದೆ ಕೂತು ಎಷ್ಟೋ ದಿನ ಕೇಳಿಸಿಕೊಂಡಿದ್ದ. ಈಗ ಅದು ತನ್ನ ಎದೆಯೊಳಗಿಂದಲೇ ಬರುತ್ತಿತ್ತು.

ಅಂಗಡಿಯಿಂದ ಫೋನು ಬಂತು. ಗಿರಾಕಿ ಕಾದಿದ್ದಾರೆ, ಕಲ್ಲು ಇವತ್ತೇ ಬೇಕಂತೆ.

"ಎರಡು ದಿನ ಆಗತ್ತೆ ಅಂತ ಹೇಳು," ಎಂದು ಮೇಸ್ತ್ರಿ ಫೋನಿಟ್ಟ. ಚೊಂಬಿನಲ್ಲಿ ನೀರು ತುಂಬಿಕೊಂಡು, ತಮ್ಮನ ಹೆಸರಿನ ಮೊದಲ ಅಕ್ಷರದ ಮೇಲೆ ಸುರಿದ.