ಕೆದಕದೆ ಬಿಟ್ಟ ಪಾತಿ

ಆರ್ಗನ್ ಮೇಷ್ಟ್ರ ಕಿವಿ ಕೈಕೊಟ್ಟದ್ದು ಒಂದೇ ದಿನದಲ್ಲಲ್ಲ. ಮೊದಲು ಗುಬ್ಬಿಗಳ ಸದ್ದು ಹೋಯಿತು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಫೋನಿನಲ್ಲಿ ಅಕ್ಕನ ದನಿ. ಮದುವೆ ಮಾಡಿಕೊಳ್ಳದೆ, ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿದ್ದುಕೊಂಡು, ಮೂವತ್ತನಾಲ್ಕು ವರ್ಷ ಒಂದೇ ಚರ್ಚಿನಲ್ಲಿ ಆರ್ಗನ್ ನುಡಿಸಿದವರು ಅವರು. ಕಿವಿಯ ವಿಷಯ ಯಾರಿಗೂ ಹೇಳಲಿಲ್ಲ. ಕೀರ್ತನೆಗಳೆಲ್ಲ ಬೆರಳುಗಳಿಗೇ ಗೊತ್ತಿದ್ದವು. ಹಾಗೇ ಒಂದು ವರ್ಷ ದೂಡಿದರು.

ಗುಟ್ಟು ರಟ್ಟಾದದ್ದು ಒಂದು ಭಾನುವಾರ. ಅಂದಿನ ಕೀರ್ತನೆಗೆ ನಾಲ್ಕೇ ಚರಣ. ಸಭೆ ನಾಲ್ಕನ್ನೂ ಹಾಡಿ ಕುಳಿತುಕೊಂಡಿತು. ಲೆಕ್ಕ ತಪ್ಪಿದ ಮೇಷ್ಟ್ರು ಐದನೆಯ ಚರಣವನ್ನೂ ಪೂರ್ತಿ ನುಡಿಸಿದರು, ಕೊಂಚ ಭಾವ ತುಂಬಿಯೇ. ಕೈಯೆತ್ತಿ ತಿರುಗಿದರೆ ಎಲ್ಲರೂ ಕುಳಿತಿದ್ದಾರೆ, ಮುಂದಿನ ಸಾಲಿನಲ್ಲಿ ಒಬ್ಬಾಕೆ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದಾಳೆ. ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಎಲ್ಲರೂ ಹೊರಗೆ ಬಂದು ಬೆನ್ನು ತಟ್ಟಿ, ಬಾಯಿ ಅಗಲ ಮಾಡಿ ಏನೇನೋ ಸಮಾಧಾನ ಹೇಳಿದರು. ಮೇಷ್ಟ್ರಿಗೆ ಒಂದಕ್ಷರ ಕೇಳಿಸಲಿಲ್ಲ.

ಆಮೇಲೆ ಅವರು ಚರ್ಚಿಗೆ ಹೋಗುವುದನ್ನೇ ಬಿಟ್ಟರು. ಪ್ರಾರ್ಥನೆಯೂ ನಿಂತಿತು. ಅವರಿಗೆ ನುಡಿಸುವುದೇ ಪ್ರಾರ್ಥನೆಯಾಗಿತ್ತು, ಬೇರೆ ಬಗೆಯದು ಗೊತ್ತೇ ಇರಲಿಲ್ಲ. ಮಂಚದ ಅಂಚಿನಲ್ಲಿ ಕುಳಿತು ಕೈ ಜೋಡಿಸಿದರೆ ತಲೆಯೊಳಗೆ ಹತ್ತಿ ತುಂಬಿದಂತಾಗುತ್ತಿತ್ತು. ಸ್ವರದ ಜೊತೆಗೆ ದೇವರೂ ಎದ್ದು ಹೋದ ಎಂದೇ ಅವರು ತೀರ್ಮಾನಿಸಿದರು.

ನಾಲ್ಕನೆಯ ವಾರ ಸಭಾಪಾಲಕ ಅಯ್ಯನವರು ಮೆಟ್ಟಿಲು ಹತ್ತಿ ಬಂದರು. ಜೇಬಿನಿಂದ ಚೀಟಿ ತೆಗೆದು, ಚರ್ಚಿನ ಹಿಂದಿನ ಜಾಗ ಹಾಳುಬಿದ್ದಿದೆ, ನೋಡಿಕೊಳ್ಳುತ್ತೀರಾ ಎಂದು ಬರೆದು ತೋರಿಸಿದರು. ಆರ್ಗನ್ ಕಿತ್ತುಕೊಂಡು ಸನಿಕೆ ಕೊಡುತ್ತಿದ್ದಾರೆ ಅನ್ನಿಸಿತು ಮೇಷ್ಟ್ರಿಗೆ. ಆದರೂ ಹೂಂ ಎಂದರು. ಇಲ್ಲ ಎಂದಿದ್ದರೆ ಅಯ್ಯನವರು ಕೂತು ಇನ್ನೂ ನಾಲ್ಕು ಚೀಟಿ ಬರೆಯುತ್ತಿದ್ದರು.

ಹಿಂದಿನ ಜಾಗವೆಂದರೆ ಗೋಡೆಗೂ ಬೇಲಿಗೂ ನಡುವಿನ ಒಂದು ಪಟ್ಟಿ, ತುಂಬ ಕಳೆ, ಒಡೆದ ಹೆಂಚು. ಅದನ್ನು ಹಸನು ಮಾಡಲು ಹದಿನೈದು ದಿನ ಹಿಡಿಯಿತು. ಗಂಟೆ ಹೊಡೆದು, ಚರ್ಚು ಗುಡಿಸುವ ಗಂಟೆಯಮ್ಮ ಕ್ಯಾರೆಟ್ ಬೀಜದ ಪೊಟ್ಟಣ ತಂದುಕೊಟ್ಟಳು. ಸಾಲು ಹೇಗೆ ಎಳೆಯಬೇಕು, ಮೇಲೆ ಎಷ್ಟು ಮಣ್ಣು ಉದುರಿಸಬೇಕು ಎಂದು ಕೈಯಲ್ಲೇ ತೋರಿಸಿದಳು.

ಮೇಷ್ಟ್ರು ಬಿತ್ತಿದರು, ನೀರು ಹಾಕಿದರು. ಐದನೆಯ ದಿನ ಏನೂ ಕಾಣಲಿಲ್ಲ. ಕಡ್ಡಿಯಿಂದ ಮಣ್ಣು ಸರಿಸಿ ನೋಡಿದರು. ಬೀಜ ಇದ್ದ ಹಾಗೇ ಇತ್ತು. ಏಳನೆಯ ದಿನ ಮತ್ತೊಂದು ಕಡೆ ಕೆದಕಿದರು, ಒಂಬತ್ತನೆಯ ದಿನ ಇನ್ನೊಂದು ಕಡೆ. ತಿಂಗಳಾದರೂ ಪಾತಿಯಲ್ಲಿ ಹುಲ್ಲು ಬಿಟ್ಟು ಬೇರೇನೂ ಏಳಲಿಲ್ಲ.

ಗಂಟೆಯಮ್ಮ ಬಂದು ನೋಡಿ, ಮೇಷ್ಟ್ರ ಬೆರಳ ತುದಿಯ ಮಣ್ಣನ್ನೂ ನೋಡಿದಳು. ಅವರ ಕಿವಿಯ ಹತ್ತಿರ ಕೈ ಅಡ್ಡ ಹಿಡಿದು, ಉಸಿರು ತಾಗುವಷ್ಟು ಸಮೀಪ ಬಂದು, ಅವರಿಗೆ ಕೇಳುವ ಹಾಗೆ ಕೂಗಿದಳು: "ದಿನಾ ಕೆದಕಿದ್ರೆ ಅದು ಹುಟ್ಟೋದು ಯಾವಾಗ, ಮೇಷ್ಟ್ರೇ? ನಿಮಗೆ ಕಾಣ್ಲಿಲ್ಲ ಅಂದ್ರೆ ಅಲ್ಲಿ ಏನೂ ನಡೀತಿಲ್ಲ ಅಂತಾನಾ?"

ಆಕೆ ಹೇಳಿದ್ದು ಕ್ಯಾರೆಟ್ಟಿನ ಮಾತು. ಆದರೆ ಆ ಸಂಜೆ ಕೋಣೆಯಲ್ಲಿ ಬ್ರೆಡ್ಡು ಹಾಲಿಗೆ ಅದ್ದಿ ತಿನ್ನುತ್ತಿದ್ದ ಮೇಷ್ಟ್ರಿಗೆ ಅದು ತಮ್ಮ ನಿಂತುಹೋದ ಪ್ರಾರ್ಥನೆಯ ಮಾತೂ ಅನ್ನಿಸಿತು. ಬಿತ್ತುವವನ ಸಾಮ್ಯವನ್ನು, ಯೇಸು ಹೇಳಿದ ಆ ಬೀಜದ ಕಥೆಯನ್ನು, ಅವರು ನೂರಾರು ಸಲ ಕೇಳಿದ್ದರು, ಪ್ರತಿ ಸಲವೂ ಮುಂದಿನ ಕೀರ್ತನೆಯ ಪುಟ ಹುಡುಕುತ್ತ.

ಎರಡನೆಯ ಸಲ ಬಿತ್ತಿ, ಮೇಲೆ ಒದ್ದೆ ಗೋಣಿತಾಟು ಹೊದಿಸಿದರು. ಸಂಜೆ ಅಂಚನ್ನು ಎತ್ತಿ ಒಮ್ಮೆ ಇಣುಕುವುದಷ್ಟೆ, ಮಣ್ಣು ಮುಟ್ಟುವುದಿಲ್ಲ ಎಂದು ತಮಗೆ ತಾವೇ ಕಟ್ಟಪ್ಪಣೆ ಮಾಡಿಕೊಂಡರು.

ಆ ವಾರದ ಶನಿವಾರ, ಆರ್ಗನ್ ನುಡಿಸಲು ಅವರ ಜಾಗಕ್ಕೆ ಸೇರಿದ್ದಾಕೆ ಹಿಂಬಾಗಿಲಿನಿಂದ ಬಂದಳು. ಮೂವತ್ತು ದಾಟಿದವಳು, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಗುಮಾಸ್ತೆ. ಆಕೆ ಅಭ್ಯಾಸ ಮಾಡುವಾಗ ಕಿಟಕಿಯಿಂದ ಅವಳ ಮೊಣಕೈ ನೋಡಿಯೇ, ತಾಳ ಓಡಿಸುತ್ತಿದ್ದಾಳೆ, ಓಡಿಸುತ್ತಿದ್ದಾಳೆ ಎಂದು ಮೇಷ್ಟ್ರು ಒಳಗೊಳಗೇ ಕುದಿಯುತ್ತಿದ್ದರು. ಆಕೆ ಕೆಳಗೆ ಕಾಲು ತೋರಿಸಿ, ಒಂದು ಪೆಡಲು ಒತ್ತಿದರೆ ಮೇಲೇಳುತ್ತಿಲ್ಲ ಎಂಬುದನ್ನು ಅಂಗೈಯಲ್ಲಿ ಅಭಿನಯಿಸಿದಳು. ಮೇಷ್ಟ್ರಿಗೆ ಸ್ಪಷ್ಟವಾಗಿ ತಿಳಿಯಿತು. ಆದರೂ ಕಿವಿ ಮುಟ್ಟಿ ತೋರಿಸಿ, ಕೈಯಾಡಿಸಿ, ಬೆನ್ನು ತಿರುಗಿಸಿದರು. ಆಕೆ ಬಂದ ಬಾಗಿಲಿನಿಂದಲೇ ಒಳಗೆ ಹೋದಳು.

ಕಾಯುವ ದಿನಗಳು ಉದ್ದವಾದವು. ಕೈಗೆ ಕೆಲಸವಿಲ್ಲ, ಕಿವಿಗೆ ಸದ್ದಿಲ್ಲ. ತಗ್ಗು ಗೋಡೆಯ ಮೇಲೆ ಕುಳಿತ ಮೇಷ್ಟ್ರಿಗೆ ತಮ್ಮ ಮೂವತ್ತನಾಲ್ಕು ವರ್ಷ ಕಣ್ಣಮುಂದೆ ಬಂತು. ಆರ್ಗನ್ ಮುಂದೆ ಕುಳಿತು ತಾವು ಆಲಿಸಿದ್ದು ದೇವರನ್ನೋ, ತಮ್ಮ ಬೆರಳನ್ನೋ? ಹೊಗಳಿದವರ ಮುಖಗಳೆಲ್ಲ ನೆನಪಿದ್ದವು, ಹಾಡಿದವರ ಮುಖ ಒಂದೂ ನೆನಪಿರಲಿಲ್ಲ. ನಾಚಿಕೆಯಾಯಿತು. ಅದನ್ನು ಹೇಳಿಕೊಳ್ಳಲು ಹತ್ತಿರದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಹತ್ತೊಂಬತ್ತನೆಯ ದಿನ ಗೋಣಿತಾಟು ಎತ್ತಿದಾಗ ಸಾಲಿನುದ್ದಕ್ಕೂ ಹಸಿರು ನೂಲು. ಅಷ್ಟು ಸಣ್ಣದನ್ನು ನೋಡಲು ಮಂಡಿಯೂರಬೇಕಾಯಿತು. ಊರಿದ ಮೇಲೆ ಬಹಳ ಹೊತ್ತು ಏಳಲಾಗಲಿಲ್ಲ.

ಮುಂದಿನ ಶನಿವಾರ ಅವರು ಕೈ ತೊಳೆದು ಒಳಗೆ ಹೋದರು. ಆಕೆ ಆರ್ಗನ್ ಮುಂದೆ ಇದ್ದಳು. ಮೇಷ್ಟ್ರು ನೆಲಕ್ಕೆ ಬಗ್ಗಿ ಪೆಡಲನ್ನು ಬಿಚ್ಚಿದರು. ತೇವಕ್ಕೆ ಮರ ಉಬ್ಬಿ ಸಿಕ್ಕಿಕೊಂಡಿತ್ತು. ಮೇಣದ ಬತ್ತಿಯ ತುಂಡನ್ನು ಎರಡೂ ಬದಿಗೆ ಉಜ್ಜಿ ಕೂಡಿಸಿದರು. ಎದ್ದು, ತಮ್ಮ ದನಿ ಎಷ್ಟು ದೊಡ್ಡದೆಂದು ತಮಗೇ ತಿಳಿಯದೆ ಹೇಳಿದರು: "ಅವತ್ತು ನೀನು ಹೇಳಿದ್ದು ನನಗೆ ಅರ್ಥವಾಗಿತ್ತಮ್ಮ. ಬೇಕಂತಲೇ ತಿರುಗಿಕೊಂಡೆ. ತಪ್ಪಾಯ್ತು."

ಆಕೆ ಏನೋ ಅಂದಳು. ಏನೆಂದು ಅವರು ಕೇಳಲಿಲ್ಲ. ಮುಖ ನೋಡಿದರೆ ಸಿಟ್ಟಿನ ಮಾತಾಗಿರಲಿಲ್ಲ.

ಭಾನುವಾರ ಕೊನೆಯ ಬೆಂಚಿನಲ್ಲಿ ಕುಳಿತರು. ಮುಂದಿನವರ ಬೆನ್ನು ಎದ್ದಾಗ ತಾವೂ ಎದ್ದರು, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ. ಸದ್ದಿಲ್ಲದೆ ಬಾಯಿ ತೆರೆದು ಮುಚ್ಚುವ ಜನರ ನಡುವೆ ಅವರು ಒಬ್ಬರೇ ಆಗಿದ್ದರು. ಆದರೆ ಈ ಸಲ ಒಂದೊಂದು ಮುಖವನ್ನೂ ನೋಡಿದರು.

ಆರಾಧನೆ ಮುಗಿದು ಎಲ್ಲರೂ ಮನೆಗೆ ಹೊರಟ ಮೇಲೆ ಹಿತ್ತಿಲಿಗೆ ಬಂದರು. ಸಸಿಗಳು ಒತ್ತೊತ್ತಾಗಿದ್ದವು. ಕೆಲವನ್ನು ಕೀಳದಿದ್ದರೆ ಯಾವುದೂ ಗಡ್ಡೆ ಕಟ್ಟುವುದಿಲ್ಲ ಎಂದು ಗಂಟೆಯಮ್ಮ ಹೇಳಿದ್ದಳು. ಚೆನ್ನಾಗಿದ್ದುದನ್ನೇ ಕೀಳಲು ಕೈ ಬರಲಿಲ್ಲ. ಆಮೇಲೆ ಒಂದನ್ನು ಕಿತ್ತರು, ಇನ್ನೊಂದನ್ನು ಕಿತ್ತರು.

"ನನಗೇನೂ ಕೇಳಿಸ್ತಿಲ್ಲ," ಎಂದರು, ತಲೆಯೆತ್ತದೆ. "ನಿನಗೆ ಕೇಳಿಸಿದ್ರೆ ಸಾಕು."

ನಾಲ್ಕು ತಿಂಗಳಲ್ಲಿ ಅವರು ದೇವರ ಜೊತೆ ಆಡಿದ ಮೊದಲ ಮಾತು ಅದು. ಮೇಷ್ಟ್ರು ಸಾಲಿನ ಮುಂದಕ್ಕೆ ಸರಿದು ಕುಳಿತರು. ಇನ್ನೂ ಅರ್ಧ ಪಾತಿ ಉಳಿದಿತ್ತು.