ಮೇಷ್ಟ್ರ ಮಾದರಿ ಉತ್ತರ

ಥೂ, ಈ ಮನುಷ್ಯನಿಗೆ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ! ಪಕ್ಕದ ಮೇಜಿನ ಎಂಜಲಪ್ಪ ಬೆರಳನ್ನು ನಾಲಿಗೆಗೆ ಒತ್ತಿ ಒತ್ತಿ ಮಕ್ಕಳ ಉತ್ತರ ಪತ್ರಿಕೆಯ ಹಾಳೆ ತಿರುವುತ್ತಿದ್ದ. ಆ ಹೆಸರಿಟ್ಟವಳು ಇಂಗ್ಲಿಷ್ ಟೀಚರೇ. ಮೌಲ್ಯಮಾಪನ ಶುರುವಾದಾಗಿನಿಂದ ಅವನ ಪಕ್ಕ ಕೂತು ಅವಳಿಗೆ ಊಟವೇ ಸೇರುತ್ತಿರಲಿಲ್ಲ.

ಇವತ್ತು ಅದಕ್ಕಿಂತ ಹೇಸಿಗೆಯದು ಕಣ್ಣಿಗೆ ಬಿತ್ತು. ತಮ್ಮ ಕಾಲ ಮೇಲೆ ತಾವೇ ನಿಲ್ಲುವ ಎರಡು ಇಂಗ್ಲಿಷ್ ವಾಕ್ಯಗಳನ್ನು ಜೋಡಿಸಿ ಎಂಬ ಪ್ರಶ್ನೆಗೆ, ಮಾದರಿ ಉತ್ತರದಲ್ಲಿ ನಡುವೆ ಬರೀ ಒಂದು ಕಾಮಾ. ‘ಆ್ಯಂಡ್’ ಇಲ್ಲ, ‘ಬಟ್’ ಇಲ್ಲ, ಸೆಮಿಕೋಲನ್ ಅಂತೂ ಇಲ್ಲವೇ ಇಲ್ಲ. ಇಂಗ್ಲಿಷಿನಲ್ಲಿ ಅದು ತಪ್ಪು. ಆದರೆ ಅಂಕ ಹಾಕಬೇಕಾದದ್ದು ಮಾದರಿ ಉತ್ತರ ನೋಡಿಯೇ; ಅಂದರೆ ಸರಿಯಾಗಿ ಬರೆದ ಮಕ್ಕಳಿಗೆಲ್ಲ ಸೊನ್ನೆ. ಅವಳ ಕೈಯಲ್ಲಿದ್ದ ಪತ್ರಿಕೆಯ ಮಗು ಸೆಮಿಕೋಲನ್ ಹಾಕಿ ಸರಿಯಾಗಿಯೇ ಬರೆದಿತ್ತು; ಅದನ್ನು ಸರಿ ಎಂದರೆ ಪಾಸು, ತಪ್ಪು ಎಂದರೆ ಇನ್ನೊಂದು ವರ್ಷ ದಂಡ.

ಮಾದರಿ ಉತ್ತರ ಬರೆದವರು ಬೇರಾರೂ ಅಲ್ಲ, ಅವಳಿಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು. ಈಗ ಈ ಕೇಂದ್ರದ ಮುಖ್ಯಸ್ಥರು. “ಎರಡು ಎತ್ತನ್ನ ಹೊಲಿಗೆ ದಾರದಲ್ಲಿ ಕಟ್ತೀಯೇನೇ?” ಎಂದು ಇದೇ ತಪ್ಪಿಗೆ ಅವಳ ಬೆರಳ ಗಂಟಿಗೆ ಸ್ಕೇಲಿನಲ್ಲಿ ಬಾರಿಸಿದ್ದವರು. ಏನೋ ಕೈತಪ್ಪಿರಬೇಕೆಂದು ಅವಳು ಪತ್ರಿಕೆ ಹಿಡಿದು ಅವರ ಬಳಿ ಓಡಿದಳು.

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. ತಪ್ಪು ಅವರಿಗೆ ಗೊತ್ತಾಯಿತು. ಗೊತ್ತಾದದ್ದು ಅವಳಿಗೂ ಗೊತ್ತಾಯಿತು.

“ಬಿಡಮ್ಮ, ಅರ್ಧಕ್ಕರ್ಧ ಪತ್ರಿಕೆ ಆಗ್ಹೋಗಿದೆ. ಈಗ ತಿದ್ದೋಕೆ ಹೋದ್ರೆ ಮೇಲಿನವರು ನನ್ನ ಮುಖಕ್ಕೆ ಉಗೀತಾರೆ. ರಿಟೈರಾಗೋ ಹೊತ್ತಲ್ಲಿ ನನಗ್ಯಾಕೆ ಈ ಉಸಾಬರಿ?”

“ಸರ್, ಸರಿಯಾಗಿ ಬರೆದ ಮಗು ಫೇಲಾಗುತ್ತೆ.”

“ಆದ್ರೇನಾಯ್ತು? ಮುಂದಿನ ವರ್ಷ ಬರೀಲಿ. ಒಂದು ಕಾಮಾಗೆಲ್ಲ ಆಕಾಶ ಕಳಚಿ ಬೀಳಲ್ಲ.”

ಅಯ್ಯೋ, ಈ ಬಾಯಿಂದಲೇ ತಾನು ಪಾಠ ಕಲಿತದ್ದೇ!

“ನಾನು ಸೊನ್ನೆ ಹಾಕಲ್ಲ ಸರ್. ನನಗೆ ಕೈ ಬರಲ್ಲ.”

“ಬೇಡ ಬಿಡು. ನಿನ್ನ ಕೈಯೇ ಆಗ್ಬೇಕು ಅಂತೇನಿಲ್ಲ.”

ಮೇಷ್ಟ್ರು ಅವಳ ಕೈಯಿಂದ ಪತ್ರಿಕೆ ತೆಗೆದುಕೊಂಡರು. ಅವಳ ಮೇಜಿನ ಮೇಲಿದ್ದ ಕಟ್ಟನ್ನೂ ಎತ್ತಿ ಎಂಜಲಪ್ಪನ ಮುಂದಿಟ್ಟರು. ಹೋಗುವಾಗ, “ಇನ್ನೂ ಅದೇ ಹಟಮಾರಿ ಹುಡುಗಿ ನೀನು” ಎಂದು ನಕ್ಕು, ಹಳೇ ಪ್ರೀತಿಯಿಂದ ಅವಳ ತಲೆ ಸವರಿದರು.

ಎಂಜಲಪ್ಪ ಉತ್ತರ ಓದಲೂ ಇಲ್ಲ. ಸೊನ್ನೆ ಸುತ್ತಿದ, ಬೆರಳು ನೆಕ್ಕಿದ, ಹಾಳೆ ತಿರುವಿದ.

ಅವಳು ಕರವಸ್ತ್ರ ತೆಗೆದು, ಮೇಷ್ಟ್ರು ಸವರಿದ ಕಡೆ ತಲೆ ಒರೆಸಿಕೊಂಡಳು.